ಗೋದಲಿಗೆ ಹೊರಟ ಗೌರಿ

ನಾನು ಯೋಚಿಸಿ ಕೊಡುವ ಉಡುಗೊರೆ ಎಂದೂ ಸಾಮಾನ್ಯವಾಗಿರುವುದಿಲ್ಲ. ಇದನ್ನು ನನ್ನ ಹೆಂಡತಿ ಸರೋಜಳೂ ಒಪ್ಪುತ್ತಾಳೆ. ಒಪ್ಪುವಾಗ ಹಣೆ ಚಚ್ಚಿಕೊಳ್ಳುತ್ತಾಳೆ, ಅಷ್ಟೇ.

ವನಗೂರಿನ ನಮ್ಮ ಕಾಫಿ ತೋಟದ ಲೆಕ್ಕಪತ್ರ ನೋಡುವ ರೈಟರ್ ಲಾರೆನ್ಸನ ಮನೆಯಿಂದ ಪ್ರತಿ ಕ್ರಿಸ್‌ಮಸ್‌ಗೆ ಒಂದು ಸ್ಟೀಲ್ ಡಬ್ಬಿ ಬರುತ್ತದೆ. ಅದರ ತುಂಬ ರೋಸ್ ಕುಕ್ಕೀಸ್, ಕಲ್‌ಕಲ್ ಎಂಬ ಕರಿದ ಸಿಹಿತಿಂಡಿಗಳು. ಬಂದ ಡಬ್ಬಿಯನ್ನು ಬರಿದಾಗಿ ಹಿಂತಿರುಗಿಸುವುದು ನಮ್ಮ ಮನೆಯಲ್ಲಿ ಮಹಾಪರಾಧ. ಅಮ್ಮನ ಕಾಲದಿಂದಲೂ ಅದರಲ್ಲಿ ತೋಟದ ಕಿತ್ತಳೆ ತುಂಬಿ ಕಳಿಸುವುದು ಪದ್ಧತಿ.

ಆ ವರ್ಷ ಮಾತ್ರ ಕಿತ್ತಳೆ ಸಾಲದು ಅನ್ನಿಸಿತು. ಹಿಂದಿನ ಕೊಯ್ಲಿನಲ್ಲಿ ನಾನು ಮೆಣಸಿನ ಬಳ್ಳಿಗೆ ಹಾಕಿದ ಏಣಿಯಿಂದ ಬಿದ್ದು, ಕಾಲು ಮುರಿದುಕೊಂಡು ಮಲಗಿದ್ದೆ. ಲಾರೆನ್ಸ್ ತನ್ನ ಹಬ್ಬವನ್ನೂ ಬಿಟ್ಟು ಕಾಫಿ ಕೊಯ್ಯಿಸಿ, ಒಣಗಿಸಿ, ಸ್ಟೋರ್ ಸೇರಿಸಿದ್ದ. ವರ್ಷ ಕಳೆದರೂ ಅವನಿಗೆ ಒಂದು ಥ್ಯಾಂಕ್ಸ್ ಹೇಳಲು ನನ್ನಿಂದ ಆಗಿರಲಿಲ್ಲ. ಬಾಯಿ ತೆರೆದರೆ "ಗೊಬ್ಬರ ಬಂತಾ?" ಎಂದೇ ಬರುತ್ತಿತ್ತು!

ಅವನ ಮಗಳು ರೀಟಾ ಮನೆಯಲ್ಲಿ ಗೋದಲಿ ಕಟ್ಟುತ್ತಿದ್ದಳು. ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ. "ಹಸು ಬೊಂಬೆ ಒಡ್ದೋಗೈತೆ ಅಂಕಲ್" ಎಂದಳು. ನನಗೆ ಜ್ಞಾನೋದಯವಾಯಿತು.

"ನಮ್ ಕರೂನೇ ಕರ್ಕಂಡೋಗಿ ನಿಲ್ಲಿಸ್ತೀನಿ ಕಣೇ" ಎಂದು ಸರೋಜಳಿಗೆ ಹೇಳಿದೆ. ನಮ್ಮ ಮೂರು ತಿಂಗಳ ಕರು ಗೌರಿ.

"ತಲೆ ಕೆಟ್ಟೈತೇನ್ರೀ? ಸುಮ್ನೆ ಕಿತ್ಲೆ ಕೊಟ್ಟು, ಥ್ಯಾಂಕ್ಸ್ ಹೇಳ್ಬುಟ್ಟು ಬನ್ನಿ!"

ಕೇಳುವ ಜಾತಿಯೇ ನಾನು? ಹಬ್ಬದ ಹಿಂದಿನ ದಿನ ಮಧ್ಯಾಹ್ನ ಗೌರಿಗೆ ಸ್ನಾನ ಮಾಡಿಸಿ, ಕೊರಳಿಗೆ ಗೆಜ್ಜೆ ಕಟ್ಟಿ, ಜೀಪು ಹತ್ತಿಸಿದೆ. ಇಳಿಜಾರಿನಲ್ಲಿ ಅವಳು ಹಿಂದಿನಿಂದ ನನ್ನ ಕಾಲರ್ ತಿಂದಳು. ಇದು ಎಚ್ಚರಿಕೆಯೆಂದು ನನಗೆ ಹೊಳೆಯಲಿಲ್ಲ.

ಗೋದಲಿಯ ಮುಂದೆ ರೀಟಾ ಹದಿನೈದು ದಿನದಿಂದ ತಟ್ಟೆಗಳಲ್ಲಿ ರಾಗಿ ಮೊಳಕೆ ಬೆಳೆಸಿ ಹಸಿರು ಹುಲ್ಲುಗಾವಲು ಮಾಡಿದ್ದಳು. ನಾನು ಗಂಟಲು ಸರಿ ಮಾಡಿಕೊಂಡು, "ಲಾರೆನ್ಸ್, ಹೋದ್ ವರ್ಷ ನೀನು..." ಎಂದು ಭಾಷಣ ಆರಂಭಿಸಿದೆ. ಅಷ್ಟರಲ್ಲಿ ಹುಲ್ಲುಗಾವಲು ಖಾಲಿ! ಗೌರಿ ಗೋದಲಿಯ ಹುಲ್ಲಿನ ಚಾವಣಿಗೆ ಬಾಯಿ ಹಾಕಿದ್ದಳು.

ರೀಟಾ ಚೀರಿದಳು. ಬೆದರಿದ ಗೌರಿ ಬಣ್ಣದ ಕಾಗದದ ಮಾಲೆಯನ್ನು ಕೊರಳಿಗೆ ಸುತ್ತಿಕೊಂಡು, ಪಕ್ಕದ ಕಣಕ್ಕೆ ನುಗ್ಗಿದಳು. ಅಲ್ಲಿ ಒಣಗುತ್ತಿದ್ದದ್ದು ನನ್ನದೇ ಕಾಫಿ. ಅದನ್ನು ಮೂಲೆಮೂಲೆಗೂ ಚೆಲ್ಲಾಡಿ, ನಡುವೆ ಧಾರಾಳವಾಗಿ ಗೊಬ್ಬರವನ್ನೂ ಹಾಕಿದಳು. ಹಿಡಿಯಲು ಓಡಿದ ನಾನು ಜಾರಿ ಕಾಫಿಯ ಮೇಲೆ ಕುಳಿತೆ.

"ಮತ್ತೆ ಕಾಲ್ ಮುರ್ಕಂಡೀರಾ ಮಾರಾಯ್ರೇ, ಅಲ್ಲೇ ಕೂತಿರಿ!" ಎಂದ ಲಾರೆನ್ಸ್ ಕರು ಹಿಡಿದು ಕಟ್ಟಿ, ಹಬ್ಬದ ಹೊಸ ಶರ್ಟಿನಲ್ಲೇ ನನ್ನ ಕಾಫಿ ಬಳಿದು ಗುಡ್ಡೆ ಹಾಕತೊಡಗಿದ.

ಇನ್ನು ತಡೆಯಲಾಗಲಿಲ್ಲ. "ಲಾರೆನ್ಸ್, ಹೋದ್ ವರ್ಷ ನೀನಿಲ್ದಿದ್ರೆ ನಾನು ಮುಳ್ಗೋಗ್ತಿದ್ದೆ ಕಣೋ. ಥ್ಯಾಂಕ್ಸ್" ಎಂದೆ. ಕಣ್ಣು ತುಂಬಿ ಬಂತು.

"ಈ ವರ್ಷದ್ದೂ ಸೇರ್ಸಿ ಹೇಳ್ಬುಡಿ ಸಾರ್!" ಎಂದ, ಕೆಲಸ ನಿಲ್ಲಿಸದೆ.

ಸೇರಿಸಿ ಹೇಳಿದೆ. ಸಂಜೆ ಸರೋಜ ತನ್ನ ಕೊತ್ತಂಬರಿ ಮಡಿಯನ್ನೇ ಕಿತ್ತು ತಂದು ಗೋದಲಿಗೆ ಹೊಸ ಹುಲ್ಲುಗಾವಲು ಮಾಡಿಕೊಟ್ಟಳು. ರೀಟಾ ನಕ್ಕಳು. ನನ್ನನ್ನು ನೋಡಿ ಅಲ್ಲ, ಸರೋಜಳನ್ನು ನೋಡಿ.

ಮರುವರ್ಷ ಡಬ್ಬಿಯ ಜೊತೆ ರಾಗಿ ಮೊಳಕೆಯ ಒಂದು ತಟ್ಟೆಯೂ ಬಂತು. "ಇದು ಗೌರಿಗೆ" ಎಂದಳು ರೀಟಾ. ಆ ತಟ್ಟೆಯನ್ನೂ ಬರಿದಾಗಿ ಕಳಿಸುವಂತಿಲ್ಲವಲ್ಲ! ಏನು ತುಂಬಿಸಬೇಕೆಂದು ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ.