ಆಟದ ರೈಲಿಗೊಂದು ಊರು

"ರೈಲು ಚಂದ ಉಂಟು ಸರ್. ಆದ್ರೆ ಅದು ಹೋಗುದು ಎಲ್ಲಿಗೆ? ದಾರಿಯಲ್ಲಿ ಒಂದು ಮನೆಯೂ ಇಲ್ವಲ್ಲ!"

ಸುರತ್ಕಲ್ಲಿನ ಪುಟಾಣಿ ರೈಲುಗಳ ಸಂಘದ ಶೋಭಿತ್ ಭಾನುವಾರ ಬೆಳಿಗ್ಗೆ ವೀಡಿಯೊ ನೋಡಿ ಫೋನಿನಲ್ಲಿ ಹೀಗೆಂದದ್ದೇ ಮಹಾಬಲ ರೈಗಳಿಗೆ ಕಂಟಕವಾಯಿತು. ಸಂಜೆ ಆತ ಮಣ್ಣಗುಡ್ಡದ ಅವರ ಫ್ಲ್ಯಾಟಿಗೇ ಬರುವವನಿದ್ದ. ಒಪ್ಪಿದರೆ ರೈಗಳ ರೈಲು ಸಂಘದ ಪ್ರದರ್ಶನದಲ್ಲಿ ಓಡುತ್ತದೆ. ನಿವೃತ್ತರಾದ ಮೇಲೆ ಅವರು ಇಷ್ಟು ಆಸೆಪಟ್ಟದ್ದು ಬೇರೆ ಯಾವುದಕ್ಕೂ ಇಲ್ಲ.

ಮೊಬೈಲಿನಲ್ಲಿ ಹುಡುಕಿದರೆ ಜೋಡಿಸುವ ಮನೆಗಳ ಕಿಟ್ ರಾಶಿ ರಾಶಿ ಇದ್ದವು. ಕಿಟಕಿಯ ಪರದೆ, ಬಾಗಿಲಿನ ಚಿಲಕದವರೆಗೆ ಎಲ್ಲವೂ ಉಂಟು, ಆದರೆ ಎಲ್ಲದರ ಮಾಡಿನ ಮೇಲೂ ಹಿಮ! ತರಿಸಲು ಸಮಯವೂ ಇರಲಿಲ್ಲ. ರೈಗಳು ಬೆವರೊರೆಸಿಕೊಂಡು ಫ್ಲ್ಯಾಟಿನ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರು: "ನಮ್ಮ ಊರಿನ ಹಂಚಿನ ಮನೆಯ ಸಣ್ಣ ಕಿಟ್ ಎಲ್ಲಿಯಾದ್ರೂ ಸಿಗ್ತದಾ?"

"ಕಿಟ್ ಎಂತಕ್ಕೆ ರೈಗಳೇ? ನಾವೇ ಮಾಡುವ," ಎಂದರು ಮೇಲಿನ ಮಾಳಿಗೆಯ ಏವ್ರಿಲ್ ಟೀಚರ್. ಮಧ್ಯಾಹ್ನ ಕಳೆಯುವಷ್ಟರಲ್ಲಿ ಅವರು ರಟ್ಟಿನಲ್ಲಿ ತಮ್ಮ ಅಜ್ಜಿಮನೆಯನ್ನೇ ಕಟ್ಟಿ ತಂದರು. ಗಲ್ಫಿನಿಂದ ಮರಳಿದ್ದ ಪಕ್ಕದ ಮನೆಯ ಗುರುವಪ್ಪ ಅಂಗಳ, ಬೈಹುಲ್ಲಿನ ರಾಶಿ ಸಮೇತ ಕೊಟ್ಟಾರದ ತನ್ನ ಹಳೆಯ ಮನೆ ಮಾಡಿ ತಂದ. ಕೆಳಗಿನ ಮೊಯ್ದೀನಬ್ಬನವರದಂತೂ ಅಸಲಿ ಮರದ ಚಾವಡಿಯಿದ್ದ ಮನೆ. ಮೂರನ್ನೂ ಮೇಜಿನ ಮೇಲಿಟ್ಟಾಗ ರೈಗಳ ಕಣ್ಣು ತುಂಬಿತು.

ಸ್ವಿಚ್ ಒತ್ತಿದರು. ಸುರಂಗದಿಂದ ಹೊರಬಂದ ರೈಲು ಗಕ್ಕನೆ ನಿಂತಿತು. ಹಳಿಯ ಮೇಲೆ ಗುರುವಪ್ಪನ ಕೈ ಇತ್ತು.

"ನಮ್ಮ ಅಂಗಳದಲ್ಲಿ ಎಂತ ರೈಲು ಮಹಾಬಲಣ್ಣ?"

"ಇದು ಟೇಬಲ್ ಮಾರಾಯ!"

"ಟೇಬಲ್ ಆದ್ರೆ ಎಂತ? ಹೈವೇ ಅಗಲ ಮಾಡುವಾಗ ಕೊಟ್ಟಾರದಲ್ಲಿ ಅಂಗಳ ಹೋಯ್ತು. ಇಲ್ಲಿಯೂ ಕೊಡ್ಬೇಕಾ?"

ರೈಗಳು ಹಳಿಯನ್ನು ಏವ್ರಿಲ್ ಟೀಚರ ಮನೆಯ ಹಿಂದಕ್ಕೆ ಸರಿಸಿದರು.

"ದೇವರೇ! ಅಲ್ಲಿ ನಮ್ಮ ಬಾವಿ!"

ಅಲ್ಲಿಂದ ಮೊಯ್ದೀನಬ್ಬನವರ ಕಡೆಗೆ ತಿರುಗಿಸಿದರು.

"ಅಲ್ಲಿ ಶಬ್ದ ಮಾಡ್ಬೇಡಿ ರೈಗಳೇ. ಅದು ಉಮ್ಮ ಮಲಗುವ ಕೋಣೆ."

"ನಿಮ್ಮ ತಾಯಿ ಎಲ್ಲಿದ್ದಾರೆ ಇದ್ರಲ್ಲಿ?"

"ಒಳಗೆ."

ರೈಗಳು ಬಗ್ಗಿ ಕಿಟಕಿಯಲ್ಲಿ ಇಣುಕಿದರು. ಯಾಕೆ ಇಣುಕಿದೆನೆಂದು ಅವರಿಗೇ ತಿಳಿಯಲಿಲ್ಲ.

"ರೈಲೇ ಆಗ್ಬೇಕೂಂತ ಎಂತ ಉಂಟು? ಒಂದು ಬಸ್ಸು ಬಿಡಿ," ಎಂದು ಗುರುವಪ್ಪ ತೀರ್ಪು ಕೊಟ್ಟ. ಮೂವರ ಎದುರು ಒಬ್ಬರ ಮಾತು ನಡೆಯುವುದುಂಟೇ? ಶೋಭಿತ್ ಬಂದು ಬೆಲ್ ಒತ್ತಿದಾಗ ಹಳಿಗಳೆಲ್ಲ ರೈಗಳ ಮಡಿಲಲ್ಲಿದ್ದವು.

ಯಾವ ಮನೆ ಯಾರದೆಂದು ಕೇಳುತ್ತ ಶೋಭಿತ್ ಮೇಜಿಗೆ ಒಂದು ಸುತ್ತು ಬಂದ. ಕುಕ್ಕರುಗಾಲಿನಲ್ಲಿ ಕುಳಿತು ಒಂದೊಂದು ಹಂಚನ್ನೂ ನೋಡಿದ.

"ಸೆಲೆಕ್ಟ್ ಆಯ್ತು!"

ರೈಗಳು ಹಳಿಗಳನ್ನು ಅವುಚಿಕೊಂಡು ದಡಬಡಿಸಿ ಎದ್ದರು. "ಐದೇ ನಿಮಿಷ, ಈಗ ಜೋಡಿಸ್ತೇನೆ!"

"ಹಳಿ ಬೇಡ ಸರ್. ನಮ್ಮ ಸಂಘದಲ್ಲಿ ರೈಲು ಎಲ್ಲರ ಹತ್ರವೂ ಉಂಟು. ಇಲ್ಲದ್ದು ಮನೆಯೇ. ಇಂಥ ಮನೆಗೆ ನಾವು ಹುಡುಕದ ಜಾಗ ಇಲ್ಲ. ಈ ಮೂವರ ಹೆಸರು ಹಾಕಿ ಪ್ರದರ್ಶನಕ್ಕೆ ಇಡ್ತೇವೆ, ಈಗಲೇ ಕಾರಿನಲ್ಲಿ ಕೊಂಡೋಗ್ತೇನೆ." ಶೋಭಿತ್ ಗುರುವಪ್ಪನ ಕಡೆಗೆ ತಿರುಗಿದ. "ಒಂದೇ ವಿಷಯ. ನನ್ನ ರೈಲು ನಿಮ್ಮ ಅಂಗಳದಲ್ಲೇ ಹೋಗ್ಬೇಕಾಗ್ತದೆ."

"ಧಾರಾಳ ಹೋಗ್ಲಿ!" ಎಂದ ಗುರುವಪ್ಪ.

ರೈಗಳು ಹಳಿಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕಿದರು. ಹೊರಗೆ ಮಳೆ ಹನಿಯತೊಡಗಿತ್ತು.

"ಮಹಾಬಲಣ್ಣ," ಎಂದ ಗುರುವಪ್ಪ, ಮನೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, "ಕಾರಿನವರೆಗೆ ಸ್ವಲ್ಪ ಕೊಡೆ ಹಿಡೀರಿ. ನಮ್ಮ ಬೈಹುಲ್ಲು ಒದ್ದೆ ಆಗ್ತದೆ."

ರೈಗಳು ಕೊಡೆ ಬಿಡಿಸಿದರು.