ಗೋಡೆಯಾಚೆಯ ದರ್ಜಿ ಹಕ್ಕಿ

ಹೂಗಳ್ಳರನ್ನು ನಾನು ಎಂದೂ ಕ್ಷಮಿಸಿದವನಲ್ಲ. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಭಕ್ತಿ ಎಷ್ಟೆಂದರೆ, ಸ್ವಂತ ಗಿಡದ ಹೂವು ದೇವರಿಗೆ ಏರಿಸಿದರೆ ಎಲ್ಲಿ ಪುಣ್ಯ ಕಡಿಮೆಯಾದೀತೋ ಎಂದು ಎಲ್ಲರೂ ಪಕ್ಕದ ಮನೆಯ ಗಿಡಕ್ಕೇ ಕೈ ಹಾಕುತ್ತಾರೆ. ಬೆಳಕು ಹರಿಯುವ ಮೊದಲೇ ಕೈಯಲ್ಲಿ ಬುಟ್ಟಿ, ಬಾಯಲ್ಲಿ ಶಿವನಾಮ. ಇವರಲ್ಲಿ ಅಗ್ರಗಣ್ಯರು ಪಕ್ಕದ ಮನೆಯ ಶರಣಪ್ಪ ಕಾಕಾ. ತಮ್ಮ ಅಂಗಳದಲ್ಲೇ ದಾಸವಾಳವಿದ್ದರೂ ನಮ್ಮ ಗೋಡೆಯ ಮೇಲಿಂದ ಕೈ ಚಾಚುತ್ತಿದ್ದರು. ಹೋದ ವರ್ಷ ಒಮ್ಮೆ ಆ ಕೈಯನ್ನು ಗಪ್ಪನೆ ಹಿಡಿದು, ಓಣಿಗೆಲ್ಲ ಕೇಳುವಂತೆ 'ಹೂಗಳ್ಳ' ಎಂದಿದ್ದೆ. ಅಂದಿನಿಂದ ಎರಡು ಮನೆಗಳ ನಡುವೆ ಮಾತು ಬಂದ್.

ನಮ್ಮ ದಾಸವಾಳಕ್ಕೆ ಈ ಮಳೆಗಾಲ ಒಂದು ಪುಟ್ಟ ಹಕ್ಕಿ ಬಂತು. ಹೆಬ್ಬೆರಳಿನಷ್ಟು ಮೈ, ಊರಿಗೆಲ್ಲ ಕೇಳುವಷ್ಟು ಗಂಟಲು. ಗುರುತು ಹಿಡಿಯಲು ಮೊಬೈಲಿಗೆ ಫೋಟೋ ಕೊಟ್ಟೆ. ಹಕ್ಕಿ ಹಾರಿಹೋಗಿ ಫೋಟೋದಲ್ಲಿ ಎಲೆಯಷ್ಟೇ ಬಂದಿತ್ತು. ಮೊಬೈಲು ಬಹಳ ವಿಶ್ವಾಸದಿಂದ 'ದಾಸವಾಳ' ಎಂದಿತು. ಕೊನೆಗೆ ಹುಮನಾಬಾದಿನ ನಮ್ಮ ಆಫೀಸಿನ ಮಾಣಿಕಪ್ಪನನ್ನು ಕೇಳಿದೆ. ಕೊರಳಲ್ಲಿ ಸದಾ ದುರ್ಬೀನು ತೂಗುವುದರಿಂದ ಅವನು ಪಕ್ಷಿತಜ್ಞ. ನೆತ್ತಿ ಇಟ್ಟಿಗೆ ಬಣ್ಣ, ಬೆನ್ನು ಹಸಿರು, ಬಾಲ ಸೆಟೆದು ಮೇಲಕ್ಕೆ ಎಂದು ಬಣ್ಣಿಸಿದೆ.

"ದರ್ಜಿ ಹಕ್ಕಿ ಅದು. ಎಲಿ ಹೊಲದು ಗೂಡು ಮಾಡ್ತದ. ನಿಮ್ಮಂಥೋರ ಮನ್ಯಾಗ ಮಾಡೂದಿಲ್ಲ ಬಿಡ್ರಿ," ಎಂದ.

ಇಡೀ ಆಫೀಸು ನಕ್ಕಿತು. ನನಗೆ ಬಹಳ ಅವಮಾನವಾಯಿತು. ಬರುವ ಭಾನುವಾರ ಮನೆಗೇ ಬಾ, ಗೂಡು ತೋರಿಸುತ್ತೇನೆ ಎಂದು ಎಲ್ಲರೆದುರು ಸವಾಲು ಹಾಕಿಬಿಟ್ಟೆ.

ಆಮೇಲೆ ನಾನು ಆ ಹಕ್ಕಿಗೆ ಮಾಡಿದ ಸೇವೆಯನ್ನು ಬೀಗರಿಗೂ ಮಾಡಿಲ್ಲ. ಗಿಡದ ಬುಡದಲ್ಲೇ ಕುರ್ಚಿ ಹಾಕಿ ಕಣ್ಣು ಮಿಟುಕಿಸದೆ ಕುಳಿತೆ. ಹೂವು ಕೀಳದಂತೆ ಹೆಂಡತಿಗೆ ತಾಕೀತು ಮಾಡಿದೆ. ಗೂಡಿಗೆ ಬೇಕಾದೀತೆಂದು ದೇವರಮನೆಯ ಬತ್ತಿಯ ಹತ್ತಿ ತಂದು ಟೊಂಗೆಟೊಂಗೆಗೆ ಸಿಕ್ಕಿಸಿದೆ.

"ದೇವರಿಗೆ ಹೂವಿಲ್ಲ, ದೀಪಕ್ಕ ಬತ್ತಿ ಇಲ್ಲ. ಇನ್ನ ಆ ಹಕ್ಕಿಗೇ ಆರತಿ ಬೆಳಗ್ರಿ," ಎಂದಳು ಹೆಂಡತಿ.

ಹಕ್ಕಿ ಬಂತು. ನನ್ನನ್ನು ಒಮ್ಮೆ ದಿಟ್ಟಿಸಿತು. ಹತ್ತಿಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ನೇರ ಗೋಡೆ ದಾಟಿ ಶರಣಪ್ಪ ಕಾಕಾರ ದಾಸವಾಳಕ್ಕೆ ಹೋಯಿತು. ಹತ್ತಿ ನಮ್ಮದು, ಸಂಸಾರ ಅಲ್ಲಿ! ನಿಜ ಹೇಳುತ್ತೇನೆ, ನನಗೆ ಸಂಕಟವಾಯಿತು. ಆ ಮನೆಯಲ್ಲಿ ಅದನ್ನು ತಲೆಯೆತ್ತಿ ನೋಡುವವರೂ ಇಲ್ಲ. ಬರುತ್ತಾರೆ, ಹೂವು ಕೀಳುತ್ತಾರೆ, ಒಳಗೆ ಹೋಗುತ್ತಾರೆ. ಅದಕ್ಕೆ ಬೇಕಾದದ್ದೂ ಅಷ್ಟೇ ಇರಬೇಕು.

ಭಾನುವಾರ ನಸುಕಿನಲ್ಲೇ ಕುರ್ಚಿ ಹತ್ತಿದೆ. ಮಾಣಿಕಪ್ಪನ ಬಸ್ಸು ಬರುವ ಮೊದಲು ಗೂಡು ಎಲ್ಲಿದೆಯೆಂದಾದರೂ ತಿಳಿಯಬೇಕಲ್ಲ. ಗೋಡೆಯಾಚೆ ಕೈ ಚಾಚಿ ಎಲೆ ಸರಿಸುವಷ್ಟರಲ್ಲಿ ಯಾರೋ ಮಣಿಕಟ್ಟು ಹಿಡಿದರು. ಶರಣಪ್ಪ ಕಾಕಾ.

"ಏನ್ ಮಾಡಾಕತ್ತೀರಿ ಸಾಹೇಬ್ರ?"

ಅವರ ಭುಜದ ಹಿಂದೆಯೇ ಹೊಲಿದ ಎಲೆಗಳು, ನಡುವೆ ನಮ್ಮ ಬಿಳಿ ಹತ್ತಿ. ಗೂಡು ನೋಡುತ್ತಿದ್ದೆ ಎಂದರೆ ಇಡೀ ಓಣಿ ಬಂದು ಇಣುಕುತ್ತದೆ. ಹಕ್ಕಿ ಇಲ್ಲಿಂದಲೂ ಓಡುತ್ತದೆ. ಹೇಳಿದೆ, "ಪೂಜಾಕ್ಕ... ಒಂದೀಟು ಹೂವು, ಕಾಕಾ."

ಕಾಕಾರ ಮುಖ ಹಬ್ಬದಂತೆ ಅರಳಿತು. "ಕೇಳಿದ್ರ ಕೊಡ್ತಿದ್ದೆನಲ್ರಿ!" ಎಂದು ಓಣಿಗೆಲ್ಲ ಕೇಳುವಂತೆ ಹೇಳಿ, ನನ್ನ ಕೈತುಂಬ ದಾಸವಾಳ ಸುರಿದರು.

ಮಾಣಿಕಪ್ಪನಿಗೆ ನಾನು ತೋರಿಸಿದ್ದು ಗೂಡನ್ನಲ್ಲ, ಆ ದಾಸವಾಳವನ್ನೇ. ಆಫೀಸು ಇನ್ನೂ ನಗುತ್ತಿದೆ. ನಾನು ಮಾತ್ರ ದಿನಾ ನಸುಕಿನಲ್ಲಿ ಬುಟ್ಟಿ ಹಿಡಿದು ಗೋಡೆಯ ಬಳಿ ನಿಲ್ಲುತ್ತೇನೆ. ಹೂಗಳ್ಳರಿಗೆ ಆ ಹಕ್ಕಿ ಹೆದರುವುದಿಲ್ಲ.