ಕುಣಿತಕ್ಕೊಂದು ಚೆಕ್ಕುಬಂದಿ

ಮುಖ ನೋಡಿಯೇ ಮನಸ್ಸು ಹೇಳಬಲ್ಲೆವೆಂದು ಕೊಚ್ಚಿಕೊಳ್ಳುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನಗದು ಬಾರದು. ಕಚೇರಿಯಲ್ಲಿ ಅಮಲ್ದಾರರಿಗೆ ಬಂದದ್ದು ಸಿಟ್ಟೋ ಹಲ್ಲುನೋವೋ ಎಂಬುದು ಬೈಗಳು ಬಿದ್ದ ಮೇಲೆಯೇ ನನಗೆ ತಿಳಿಯುವುದು. ಇಂಥ ನಾನು ಶಿಕಾರಿಪುರದಲ್ಲಿ ಕುಣಿತ ನೋಡುವ ವಿದ್ಯೆ ಕಲಿಯಹೊರಟದ್ದು ಕಲೆಯ ಮೋಹದಿಂದೇನಲ್ಲ. ಹೆಂಡತಿ ತನ್ನ ತಂಗಿಯ ಬಾಣಂತನಕ್ಕೆಂದು ಸೊರಬದ ತವರಿಗೆ ಹೋಗಿ ಐದು ತಿಂಗಳಾಗಿತ್ತು. ಯಾವಾಗ ಬರುತ್ತೀ ಎಂದು ನಾನು ಕೇಳಲಿಲ್ಲ, ಬರುತ್ತೇನೆಂದು ಅವಳು ಬರೆಯಲಿಲ್ಲ. ನಾನೇ ಬೇಯಿಸಿದ ಅನ್ನವನ್ನು ನಾನೊಬ್ಬನೇ ಉಂಡು, ಉಳಿದ ಭಾನುವಾರವನ್ನು ಏನು ಮಾಡಬೇಕೆಂದು ತಿಳಿಯದೆ ಕೂರುತ್ತಿದ್ದೆ.

ಪಕ್ಕದ ಬೀದಿಯಲ್ಲಿ ದೊಡ್ಡಾಟದ ಮಾಸ್ತರರು ಮಧ್ಯಾಹ್ನ ವೇಷಧಾರಿಗಳಿಗೆ ತಾಲೀಮು ಕೊಡುತ್ತಿದ್ದರು. ಅಲ್ಲಿ ಹೋಗಿ ಕೂತ ನನಗೆ, ಮುಖ ನೋಡಬೇಡಿ, ಅದಕ್ಕೆ ಬಣ್ಣ ಬಳಿದಿರುತ್ತದೆ. ಹೆಗಲು, ಪಾದ ನೋಡಿ, ಕಂಡದ್ದನ್ನು ಬರೆಯಿರಿ ಎಂದರು. ತಾಲ್ಲೂಕು ಕಚೇರಿಯ ಗುಮಾಸ್ತನಿಗೆ ಬರೆಯಲು ಬರುವುದು ಒಂದೇ, ಜಮೀನಿನ ಚೆಕ್ಕುಬಂದಿ. "ಪೂರ್ವಕ್ಕೆ ಬಲಗೈ, ಪಶ್ಚಿಮಕ್ಕೆ ಎಡ ಮೊಣಕಾಲು, ಉತ್ತರಕ್ಕೆ ಕಿರೀಟ" ಎಂದು ಅಚ್ಚುಕಟ್ಟಾಗಿ ಬರೆದು ತೋರಿಸಿದೆ.

"ಗಡಿ ಬರ್ದೀರಿ ರಾಯರ, ಒಳಗ ಬೆಳಿ ಏನೈತಿ ಅದನ್ನ ಬರೀರಿ" ಎಂದರು ಮಾಸ್ತರರು.

ಆಮೇಲೊಂದು ಭಾನುವಾರ ಸೊರಬಕ್ಕೆ ಹೋಗಿಬಂದೆ. ಹೆಂಡತಿ ಊಟ ಬಡಿಸಿದಳು, ನಾನು ಉಂಡೆ, ಬಸ್ಸಿನ ಹೊತ್ತಾಯಿತು. ವಿದ್ಯೆ ಮರೆಯಬಾರದಲ್ಲ ಎಂದು, ನಾನು ಹೊರಡುವಾಗ ಅವಳು ನಿಂತಿದ್ದ ಬಗೆಯನ್ನು ಬಸ್ಸಿನಲ್ಲೇ ಬರೆದಿಟ್ಟೆ: "ಬಲಗೈ ಬಾಗಿಲ ಚೌಕಟ್ಟಿನ ಮೇಲೆ, ಎಡಗಾಲು ಹೊಸ್ತಿಲಿನಾಚೆ, ಕಣ್ಣು ನನ್ನ ಕೈಚೀಲದ ಕಡೆ. ಬೆಳೆ: ಇಲ್ಲ."

ಮಾಸ್ತರರು ಅದನ್ನು ಎರಡು ಸಲ ಓದಿದರು. "ಕಾಲು ಹೊಸ್ತಿಲು ದಾಟೈತಲ್ರಿ. ನೀವು ಬಾ ಅಂದಿರೇನು?"

ಅವಳೇ ಹೇಳಲಿ ಎಂದು ಕಾದೆ ಎಂದೆ. ಹೇಗೆ ನಿಂತು ಕಾದಿರಿ, ನಿಂತು ತೋರಿಸಿ ಎಂದರು. ಕಂಕುಳಲ್ಲಿ ಕೊಡೆ, ಬೆನ್ನ ಹಿಂದೆ ಕೈ, ಗದ್ದ ಮೇಲೆ ಮಾಡಿ ನಿಂತೆ.

"ಕರಿಯಾಕ ಹೋದೋರು ಹಿಂಗ ನಿಲ್ಲಂಗಿಲ್ರಿ. ಇದು ಜಪ್ತಿಗೆ ಹೋದೋರು ನಿಂತಂಗೈತಿ."

ವೇಷಧಾರಿಗಳು ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

ಮುಂದಿನ ಭಾನುವಾರ ಮಡಿ ಪಂಚೆ ಉಟ್ಟು, ಸೊರಬಕ್ಕೆ ಹೊರಡುವ ಮುನ್ನ ಗೋಡೆಯ ಕ್ಷೌರದ ಕನ್ನಡಿಯ ಮುಂದೆ ನಿಂತು ಕರೆಯುವವನ ನಿಲುವನ್ನು ಅಭ್ಯಾಸ ಮಾಡಿದೆ. ಹೆಗಲು ಇಳಿಸಿದರೆ ಗದ್ದ ಏಳುತ್ತಿತ್ತು, ಗದ್ದ ಇಳಿಸಿದರೆ ಕೈ ತಾನಾಗಿ ಬೆನ್ನ ಹಿಂದಕ್ಕೆ ಹೋಗುತ್ತಿತ್ತು. ಕೊನೆಗೊಮ್ಮೆ ಎಲ್ಲವೂ ಸರಿಹೋಯಿತು. ಕನ್ನಡಿಯಲ್ಲಿದ್ದವನ ಹೆಗಲು ನೋಡಿದೆ; ಪಾಪ, ಅವನಿಗೆ ಮನೆಯಲ್ಲಿ ಯಾರೂ ಇಲ್ಲವೆಂಬುದು ಒಂದೇ ನೋಟಕ್ಕೆ ತಿಳಿಯಿತು. ವಿದ್ಯೆ ಕೈಹತ್ತಿತೆಂದು ಹಿಗ್ಗಿ ಬಸ್ ನಿಲ್ದಾಣಕ್ಕೆ ಓಡಿದೆ. ಸೊರಬದ ಬಸ್ಸು ಹೋಗಿ ಅರ್ಧ ಗಂಟೆಯಾಗಿತ್ತು. "ಬಾ" ಎಂಬ ಒಂದಕ್ಷರಕ್ಕೂ ತಾಲೀಮು ಬೇಕಾದ ಗಂಡನಿಗೆ ಬಸ್ಸಾದರೂ ಎಷ್ಟು ಹೊತ್ತು ಕಾದೀತು?